ಬಂದರಿಗೆ ದಾರಿ ಹುಡುಕಿದ ಮಲ್ಯರು

ಪಣಂಬೂರಿನ ಲಾರಿ ಸಾಲು ನೋಡಿದವರಿಗೆ ಉಳ್ಳಾಲ ಶ್ರೀನಿವಾಸ ಮಲ್ಯರ ನೆನಪು ಬರಬೇಕು. ಬರುವುದಿಲ್ಲ, ಬಿಡಿ.

ಹುಟ್ಟಿದ್ದು 1902ರಲ್ಲಿ. ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲು ಕಂಡವರು. 1952ರಿಂದ ಸಾಯುವ ತನಕ ಲೋಕಸಭಾ ಸದಸ್ಯರು, ನೆಹರೂ ಅವರ ಬಳಿ ಸಲುಗೆ ಇದ್ದವರು.

ಆಗ ಮಂಗಳೂರಿನ ಬಂದರು ಅಂದರೆ ಅಳಿವೆಯೊಳಗಿನ ಹಳೆ ಬಂದರು. ಹೂಳಿನಿಂದಾಗಿ ದೊಡ್ಡ ಹಡಗು ಒಳಗೆ ಬರುವ ಹಾಗಿಲ್ಲ. ಅದು ದೂರ ಕಡಲಲ್ಲೇ ನಿಲ್ಲಬೇಕು, ಹೆಂಚು, ಕಾಫಿ, ಗೇರುಬೀಜ ದೋಣಿಯಲ್ಲಿ ಹೋಗಿ ಏರಬೇಕು. ಮಳೆಗಾಲ ಬಂತೋ, ಕೆಲಸ ಬಂದ್. ಇನ್ನು ರಸ್ತೆ ಹಿಡಿದರೆ ಉತ್ತರ ದಕ್ಷಿಣಕ್ಕೆ ಸೇತುವೆ ಇಲ್ಲದ ಹೊಳೆಗಳು, ಪೂರ್ವಕ್ಕೆ ಘಾಟಿ. ಕಡವಿನಲ್ಲಿ ಗಂಟೆಗಟ್ಟಲೆ ಕಾಯೋದೇ ಪ್ರಯಾಣ!

ಸರ್ವಋತು ಬಂದರು ಬೇಕು, ಅದಕ್ಕೆ ಹೆದ್ದಾರಿ, ಸೇತುವೆ, ರೈಲು ಜತೆಗೇ ಬೇಕು ಅಂತ ಮಲ್ಯರು ದಿಲ್ಲಿಯ ಬೆನ್ನು ಹತ್ತಿದರು. 1951ರ ಬಜಪೆ ವಿಮಾನ ನಿಲ್ದಾಣ, 1960ರ ಸುರತ್ಕಲ್ ಇಂಜಿನಿಯರಿಂಗ್ ಕಾಲೇಜು, ಕರಾವಳಿ ಹೆದ್ದಾರಿ, ಎಲ್ಲದರ ಹಿಂದೆಯೂ ಅವರ ಓಡಾಟ ಇತ್ತು. ಬಂದರಿಗಾಗಿ ಪಣಂಬೂರಿನ ಕಡೆಯವರು ಗದ್ದೆ ಮನೆ ಬಿಟ್ಟು ಕೃಷ್ಣಾಪುರ, ಕಾಟಿಪಳ್ಳಕ್ಕೆ ಹೋದರು. ಈ ಲೆಕ್ಕವನ್ನೂ ಬರೆದಿಡಬೇಕು.

1965ರ ಡಿಸೆಂಬರಿನಲ್ಲಿ ಮಲ್ಯರು ತೀರಿಕೊಂಡರು. ನವಮಂಗಳೂರು ಬಂದರನ್ನು ಇಂದಿರಾ ಗಾಂಧಿ ಉದ್ಘಾಟಿಸಿದ್ದು 1975ರ ಜನವರಿಯಲ್ಲಿ. ಹಾಸನದ ರೈಲು ಬಂದದ್ದು 1979ರಲ್ಲಿ. ಎರಡನ್ನೂ ಅವರು ನೋಡಲಿಲ್ಲ. ಘಾಟಿ ಮಾತ್ರ ಬಗ್ಗಲಿಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದಾಗ ಬಂದರಿನ ಲಾರಿಗಳು ತಿಂಗಳುಗಟ್ಟಲೆ ಬೇರೆ ದಾರಿ ಸುತ್ತಿದವು.