ತನ್ನ ಹೆಸರನ್ನೇ ಸೋತ ರಾಕ್ಸಿ

1943ರಲ್ಲಿ ತೆರೆಕಂಡ ‘ಕಿಸ್ಮತ್’ ಕೋಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿದ್ದು ಹಿಂದಿ ಸಿನಿಮಾದ ಚರಿತ್ರೆ ಬಲ್ಲವರಿಗೆ ಗೊತ್ತಿರುವ ಸಂಗತಿ. ಮುಂಬಯಿಯಲ್ಲೂ ಒಂದು ರಾಕ್ಸಿ ಇತ್ತು. ಜಗತ್ತಿನ ಅದೆಷ್ಟೋ ಊರುಗಳಲ್ಲಿ ಅದೇ ಹೆಸರಿನ ಚಿತ್ರಮಂದಿರಗಳು ತಲೆಯೆತ್ತಿದ್ದವು. ಆದರೆ ಅದು ಮೂಲದಲ್ಲಿ ಒಬ್ಬ ಮನುಷ್ಯನ ಅಡ್ಡಹೆಸರೆಂಬುದೂ, ಆ ಹೆಸರಿನ ಮೇಲೆ ಕೊನೆಗೆ ಆತನಿಗೇ ಅಧಿಕಾರ ಉಳಿಯಲಿಲ್ಲವೆಂಬುದೂ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ.

ಸ್ಯಾಮ್ಯುಯೆಲ್ ರಾಥಫೆಲ್ ಹುಟ್ಟಿದ್ದು 1882ರಲ್ಲಿ, ಅಂದು ಜರ್ಮನಿಗೆ ಸೇರಿದ್ದು ಈಗ ಪೋಲೆಂಡಿನಲ್ಲಿರುವ ಊರೊಂದರಲ್ಲಿ. ತಂದೆ ಪಾದರಕ್ಷೆ ಹೊಲಿಯುವ ಕಸುಬಿನವರು. ಯಹೂದಿ ಕುಟುಂಬ ಅಮೆರಿಕೆಗೆ ವಲಸೆ ಹೋಗಿ ಮಿನೆಸೋಟ ರಾಜ್ಯದಲ್ಲಿ ನೆಲೆಸಿತು; ಮುಂದೆ ನ್ಯೂಯಾರ್ಕ್ ಸೇರಿತು. ಹುಡುಗ ಓದಿನಲ್ಲಿ ನಿಲ್ಲಲಿಲ್ಲ. ಅಲ್ಲಿ ಇಲ್ಲಿ ಚಾಕರಿ ಮಾಡಿ, ಕೆಲವು ವರ್ಷ ನೌಕಾದಳದ ಮೆರೀನ್ ಸೈನಿಕನಾಗಿದ್ದು, ಕಡೆಗೆ ಪೆನ್ಸಿಲ್ವೇನಿಯದ ಫಾರೆಸ್ಟ್ ಸಿಟಿ ಎಂಬ ಕಲ್ಲಿದ್ದಲು ಗಣಿಯ ಪಟ್ಟಣಕ್ಕೆ ಬಂದು ಬಿದ್ದ. ಅಲ್ಲಿ ಹೆಂಡದಂಗಡಿಯಲ್ಲಿ ಕೆಲಸ, ಬಿಡುವಿನಲ್ಲಿ ಬೇಸ್‌ಬಾಲ್. ರಾಕ್ಸಿ ಎಂಬ ಹೆಸರು ಆ ಮೈದಾನದಲ್ಲಿ ಅಂಟಿಕೊಂಡದ್ದು. ಅಂಗಡಿಯ ಯಜಮಾನನ ಮಗಳನ್ನೇ ಮದುವೆಯಾದ.

1908ರಲ್ಲಿ ಆ ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ ಆತ ಚಲನಚಿತ್ರ ತೋರಿಸಲು ಆರಂಭಿಸಿದ. ಕೂರಲು ಬೇಕಾದ ಕುರ್ಚಿಗಳನ್ನು ಶವಸಂಸ್ಕಾರದ ವ್ಯವಸ್ಥೆ ಮಾಡುವವನಿಂದ ಎರವಲು ತಂದಿದ್ದನೆಂದೂ, ಊರಿನಲ್ಲಿ ಸಾವಾದ ದಿನ ಅವನ್ನು ಹಿಂದಿರುಗಿಸಬೇಕಾಗುತ್ತಿತ್ತೆಂದೂ ಒಂದು ಕತೆ ಇದೆ. ಪ್ರದರ್ಶನ ಕಲೆಯಲ್ಲಿ ಬದುಕಿದವರ ಜೀವನದಲ್ಲಿ ಇಂಥ ಕತೆಗಳನ್ನು ಪೂರ್ತಿ ನಂಬಬೇಕಾಗಿಲ್ಲ, ತಳ್ಳಿಹಾಕಬೇಕಾಗಿಯೂ ಇಲ್ಲ.

ಅಂದಿನ ಸಿನಿಮಾ ಮೂಕಿ. ಅದನ್ನು ಕೂಲಿಕಾರರ, ವಲಸಿಗರ ಅಗ್ಗದ ವಿನೋದವೆಂದು ಗಣ್ಯರು ದೂರವಿಟ್ಟಿದ್ದ ಕಾಲ. ತೆರೆಯ ಮೇಲೆ ಏನು ಮೂಡುತ್ತದೆ ಎಂಬುದಷ್ಟೇ ಮುಖ್ಯವಲ್ಲ, ನೋಡಲು ಬಂದವನು ಎಲ್ಲಿ ಕೂರುತ್ತಾನೆ, ಆತನನ್ನು ಯಾರು ಹೇಗೆ ಎದುರುಗೊಳ್ಳುತ್ತಾರೆ ಎಂಬುದೂ ಮುಖ್ಯವೆಂದು ರಾಕ್ಸಿ ಮನಗಂಡ. 1913ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಸೊರಗುತ್ತಿದ್ದ ರೀಜೆಂಟ್ ಚಿತ್ರಮಂದಿರ ಆತನ ಕೈಗೆ ಬಂತು. ವಾದ್ಯವೃಂದವನ್ನು ವೇದಿಕೆಗೇರಿಸಿ, ದೃಶ್ಯಕ್ಕೆ ಒಪ್ಪುವ ಸಂಗೀತವನ್ನು ಆಯ್ದು, ದೀಪ ಮತ್ತು ಪರದೆಗಳಿಗೂ ಒಂದು ಲಯ ತಂದುಕೊಟ್ಟ. ಅಲ್ಲಿಂದ ಸ್ಟ್ರ್ಯಾಂಡ್, ರಿಯಾಲ್ಟೊ, ರಿವೋಲಿ, ಕ್ಯಾಪಿಟಲ್ ಎಂದು ಬ್ರಾಡ್‌ವೇಯ ಒಂದೊಂದು ಮಂದಿರವನ್ನೂ ದಾಟುತ್ತ ಹೋದ. 1922ರಲ್ಲಿ ಕ್ಯಾಪಿಟಲ್‌ನಿಂದಲೇ ರೇಡಿಯೋ ಕಾರ್ಯಕ್ರಮ ಆರಂಭಿಸಿದ ಮೇಲಂತೂ, ನ್ಯೂಯಾರ್ಕನ್ನು ಕಾಣದವರ ಮನೆಗಳಿಗೂ ರಾಕ್ಸಿಯ ದನಿ ಪರಿಚಿತವಾಯಿತು.

ಆತನ ದೋಷವನ್ನೂ ಹೇಳಬೇಕು. ಸಿನಿಮಾ ಆತನಿಗೆ ತನ್ನ ಕಾರ್ಯಕ್ರಮದ ಒಂದು ಅಂಗ ಮಾತ್ರ. ಹೊಂದದಿದ್ದರೆ ಚಿತ್ರವನ್ನು ಕತ್ತರಿಸಲು ಹಿಂಜರಿಯುತ್ತಿರಲಿಲ್ಲ. ಖರ್ಚಿನ ಲೆಕ್ಕವಂತೂ ಆತನ ಪ್ರಕೃತಿಗೆ ಒಗ್ಗದ ವಿಷಯವಾಗಿತ್ತು.

ಹರ್ಬರ್ಟ್ ಲೂಬಿನ್ ಎಂಬ ಉದ್ಯಮಿ ಜಗತ್ತಿನಲ್ಲೇ ಅತಿ ದೊಡ್ಡ ಚಿತ್ರಮಂದಿರವನ್ನು ಕಟ್ಟಲು ಹೊರಟಾಗ ಆತನಿಗೆ ಬೇಕಾದದ್ದು ರಾಕ್ಸಿಯ ಅನುಭವಕ್ಕಿಂತ ಹೆಚ್ಚಾಗಿ ರಾಕ್ಸಿಯ ಹೆಸರು. ಸೆವೆಂತ್ ಅವೆನ್ಯೂ ಮತ್ತು ಐವತ್ತನೆಯ ಬೀದಿ ಕೂಡುವಲ್ಲಿ 1927ರ ಮಾರ್ಚ್ 11ರಂದು ರಾಕ್ಸಿ ಥಿಯೇಟರ್ ಬಾಗಿಲು ತೆರೆಯಿತು. 5,920 ಆಸನಗಳು, ನೂರಕ್ಕೂ ಮಿಕ್ಕಿದ ವಾದಕರು, ಒಂದೇ ಆರ್ಗನ್ನಿಗೆ ಮೂವರು ಕೂತು ನುಡಿಸುವ ವ್ಯವಸ್ಥೆ, ಅಸ್ವಸ್ಥರಾದ ಪ್ರೇಕ್ಷಕರಿಗೆ ಒಳಗೇ ಚಿಕಿತ್ಸಾಲಯ. ಆಸನ ತೋರಿಸುವ ಹುಡುಗರಿಗೆ ಸೈನಿಕರ ಶಿಸ್ತು. ಮೊದಲ ಚಿತ್ರ ಗ್ಲೋರಿಯಾ ಸ್ವಾನ್‌ಸನ್ ನಿರ್ಮಿಸಿ ನಟಿಸಿದ ‘ದಿ ಲವ್ ಆಫ್ ಸನ್ಯಾ’. ಗುಮಾಸ್ತನೊಬ್ಬ ಒಂದು ಟಿಕೆಟ್ಟಿನ ಬೆಲೆ ಕೊಟ್ಟು ಕೆಲವು ಗಂಟೆ ಅರಮನೆಯಲ್ಲಿ ಕಳೆಯಬಹುದಾಗಿತ್ತು. ಆ ಬೆಡಗಿನಲ್ಲಿ ಅತಿರೇಕವಿತ್ತು, ನಿಜ. ಆದರೆ ಸಾಮಾನ್ಯನಿಗೆ ಇಷ್ಟೇ ಸಾಕು ಎಂಬ ತಾತ್ಸಾರ ಇರಲಿಲ್ಲ.

ಅರಮನೆ ಮಾತ್ರ ರಾಕ್ಸಿಯದಾಗಿರಲಿಲ್ಲ. ವೆಚ್ಚ ಮಿತಿಮೀರಿದ್ದರಿಂದ ಉದ್ಘಾಟನೆಗೆ ಮುನ್ನವೇ ಲೂಬಿನ್ ತನ್ನ ಪಾಲನ್ನು ವಿಲಿಯಂ ಫಾಕ್ಸ್‌ಗೆ ಮಾರಿಬಿಟ್ಟಿದ್ದ. 1931ರಲ್ಲಿ ರಾಕ್ಸಿ ಅಲ್ಲಿಂದ ಹೊರಬಿದ್ದು, ಸಮೀಪದಲ್ಲೇ ರಾಕ್‌ಫೆಲರ್ ಸೆಂಟರ್‌ನಲ್ಲಿ ಏಳುತ್ತಿದ್ದ ಎರಡು ಹೊಸ ಮಂದಿರಗಳ ಹೊಣೆ ಹೊತ್ತ. ದೊಡ್ಡದು ರೇಡಿಯೋ ಸಿಟಿ ಮ್ಯೂಸಿಕ್ ಹಾಲ್. ಚಿಕ್ಕದಕ್ಕೆ ಆತನದೇ ಹೆಸರು. ಹಳೆಯ ಮಂದಿರದವರು ನ್ಯಾಯಾಲಯದ ಮೆಟ್ಟಿಲೇರಿದರು. ರಾಕ್ಸಿ ಎಂಬ ಹೆಸರು ತಮ್ಮ ಕಟ್ಟಡಕ್ಕೆ ಸೇರಿದ್ದೆಂಬ ಅವರ ವಾದ ಗೆದ್ದಿತು. 1933ರಲ್ಲಿ ಚಿಕ್ಕ ಮಂದಿರ ಸೆಂಟರ್ ಥಿಯೇಟರ್ ಎಂದು ನಾಮಾಂತರಗೊಂಡಿತು. ಮನುಷ್ಯ ಒಂದು ಕಡೆ, ಆತನ ಹೆಸರು ಇನ್ನೊಂದು ಕಡೆ. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ವಿಚಿತ್ರವೇನೂ ಇರಲಿಲ್ಲ.

ಇಷ್ಟರಲ್ಲೇ ಮ್ಯೂಸಿಕ್ ಹಾಲ್ ಕೂಡ ಆತನನ್ನು ಕೈಬಿಟ್ಟಿತ್ತು. 1932ರ ಡಿಸೆಂಬರ್ 27ರ ಆರಂಭೋತ್ಸವ ನಡುರಾತ್ರಿ ಕಳೆದರೂ ಮುಗಿಯಲಿಲ್ಲ. ವಿಮರ್ಶಕರು ಕಟುವಾಗಿ ಬರೆದರು; ಕಾಯಿಲೆ ಬಿದ್ದ ರಾಕ್ಸಿ ಆಸ್ಪತ್ರೆ ಸೇರಿದ. ಆತ ಕನಸಿದ್ದ ಸಿನಿಮಾರಹಿತ ರಂಗವೈಭವ ಎರಡೇ ವಾರಗಳಲ್ಲಿ ಕೊನೆಗೊಂಡು ಅಲ್ಲೂ ಚಿತ್ರಗಳು ಬಂದವು. ಮಹಾ ಆರ್ಥಿಕ ಕುಸಿತದ ನಡುವೆ ಜನರ ಜೇಬಿನಲ್ಲಿ ಹಣವಿರಲಿಲ್ಲವೆಂಬುದನ್ನೂ ಮರೆಯುವಂತಿಲ್ಲ. 1934ರಲ್ಲಿ ಆತ ರಾಜೀನಾಮೆ ಕೊಟ್ಟ. ಫಿಲಡೆಲ್ಫಿಯದಲ್ಲಿ ಕೈಗೊಂಡ ಇನ್ನೊಂದು ಪ್ರಯತ್ನವೂ ಫಲಿಸಲಿಲ್ಲ. 1936ರ ಜನವರಿ 13ರಂದು, 53ರ ವಯಸ್ಸಿನಲ್ಲಿ, ನ್ಯೂಯಾರ್ಕಿನ ಹೋಟೆಲೊಂದರಲ್ಲಿ ನಿದ್ರೆಯಲ್ಲೇ ತೀರಿಕೊಂಡ.

ಆತನ ಹೆಸರು ಹೊತ್ತ ಕಟ್ಟಡ ಮತ್ತೂ ಕಾಲು ಶತಮಾನ ಬದುಕಿತು. 1953ರಲ್ಲಿ ಸಿನಿಮಾಸ್ಕೋಪಿನ ಮೊದಲ ಚಿತ್ರ ‘ದಿ ರೋಬ್’ ತೆರೆಕಂಡದ್ದು ಅಲ್ಲೇ. ಆದರೆ ಟೆಲಿವಿಷನ್ ಮನೆಮನೆಗೆ ಬಂದಾಗ ಆರು ಸಾವಿರ ಆಸನ ತುಂಬುವುದು ಯಾರಿಂದಲೂ ಆಗದ ಕೆಲಸವಾಯಿತು. ಕೆಳಗಿನ ನೆಲದ ಬೆಲೆ ಮಾತ್ರ ಏರುತ್ತಿತ್ತು. 1960ರ ಮಾರ್ಚಿನಲ್ಲಿ ರಾಕ್ಸಿ ಮುಚ್ಚಿತು. ಭಾರತ ಮತ್ತು ಬರ್ಮಾಗಳ ಯುದ್ಧಕಾಲದ ಹಿನ್ನೆಲೆಯುಳ್ಳ ‘ದಿ ವಿಂಡ್ ಕೆನಾಟ್ ರೀಡ್’ ಅಲ್ಲಿ ತೋರಿಸಿದ ಕಡೆಯ ಚಿತ್ರ.

ಕೆಡವುವ ಕೆಲಸ ನಡೆದಿದ್ದಾಗ, ಅರವತ್ತು ದಾಟಿದ್ದ ಗ್ಲೋರಿಯಾ ಸ್ವಾನ್‌ಸನ್ ಸಂಜೆಯ ಉಡುಪು ತೊಟ್ಟು, ಬಿರಿದ ಗೋಡೆಗಳ ನಡುವೆ ತೋಳು ಚಾಚಿ ನಿಂತರು. ‘ಲೈಫ್’ ಪತ್ರಿಕೆಗಾಗಿ ಎಲಿಯಟ್ ಎಲಿಸೋಫನ್ ತೆಗೆದ ಆ ಚಿತ್ರ ಕಟ್ಟಡಕ್ಕಿಂತ ಹೆಚ್ಚು ಪ್ರಸಿದ್ಧವಾಯಿತು. ಹಳೆಯ ನಟಿಯರು ಕೆಡವಲಿರುವ ರಂಗಮಂದಿರದಲ್ಲಿ ಕಲೆಯುವ ‘ಫಾಲೀಸ್’ ಎಂಬ ಸಂಗೀತ ನಾಟಕದ ಪರಿಕಲ್ಪನೆಗೆ 1971ರಲ್ಲಿ ಸ್ಫೂರ್ತಿಯಾದದ್ದೂ ಅದೇ.

ರಾಕ್ಸಿಯ ಜಾಗದಲ್ಲಿ ಕಚೇರಿಗಳ ಗೋಪುರ ಎದ್ದಿತು. ಐವತ್ತನೆಯ ಬೀದಿಯಲ್ಲಿ ಒಂದು ಅವೆನ್ಯೂ ಪೂರ್ವಕ್ಕೆ ನಡೆದರೆ, 1978ರಲ್ಲಿ ಮುಚ್ಚುವ ಅಂಚಿಗೆ ಬಂದು ಸಂರಕ್ಷಿತ ಸ್ಮಾರಕವಾಗಿ ಉಳಿದುಕೊಂಡ ಮ್ಯೂಸಿಕ್ ಹಾಲ್ ಸಿಗುತ್ತದೆ. ಕ್ರಿಸ್‌ಮಸ್ ಕಾಲದಲ್ಲಿ ಅಲ್ಲಿ ಕುಣಿಯುವ ರಾಕೆಟ್ಸ್ ತಂಡದ ಹುಡುಗಿಯರು, ಹಿಂದೆ ರಾಕ್ಸಿಯೊಡನೆ ಹಳೆಯ ಮಂದಿರದಿಂದ ಇಲ್ಲಿಗೆ ಬಂದ ನರ್ತಕಿಯರ ಪರಂಪರೆಯವರು. ಮೊದಲು ಅವರನ್ನು ರಾಕ್ಸಿಯೆಟ್ಸ್ ಎಂದು ಕರೆಯುತ್ತಿದ್ದರು.