ಗಾಳಿಯನ್ನು ಬಿಡಿಸಿ ನೋಡಿದವರು: ಮಾರಿಸ್ ಟ್ರಾವರ್ಸ್

ಕತ್ತಲಗೆರೆಯಂಥ ಊರಿನ ಪ್ರೌಢಶಾಲೆಯಲ್ಲಿ ಅಭ್ಯಾಸ ಪಾಠಕ್ಕೆ ನಿಂತು ಗಾಳಿ ಎಂಥ ವಸ್ತು ಎಂದು ಕೇಳಿದರೆ, ಮಕ್ಕಳು ಒಕ್ಕೊರಲಿನಿಂದ ಮಿಶ್ರಣ ಎನ್ನುತ್ತಾರೆ. ಅದು ಸಂಯುಕ್ತ ಏಕಲ್ಲ ಎಂದು ಮರುಪ್ರಶ್ನೆ ಹಾಕಿದರೆ ತರಗತಿ ಸುಮ್ಮನಾಗುತ್ತದೆ. ಉತ್ತರ ಬಾಯಿಗೆ ಬಂದಿದೆ, ಪರಿಕಲ್ಪನೆ ಮನಸ್ಸಿಗೆ ಬಂದಿಲ್ಲ. ಇಂಥ ಕಡೆ ಮಾರಿಸ್ ಟ್ರಾವರ್ಸ್ ಅವರ ಜೀವನ ಶಿಕ್ಷಕರ ನೆರವಿಗೆ ಬರುತ್ತದೆ.

ಟ್ರಾವರ್ಸ್ 1872ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ಅಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ರ‍್ಯಾಮ್ಸೆ ಅವರ ಸಹಾಯಕರಾದರು. 1894ರಲ್ಲಿ ಆರ್ಗಾನ್, ಮರುವರ್ಷ ಹೀಲಿಯಂ ಸಿಕ್ಕಿದ್ದವು. ಆವರ್ತ ಕೋಷ್ಟಕದ ಆಗಿನ ಯಾವ ಗುಂಪಿಗೂ ಇವು ಹೊಂದುತ್ತಿರಲಿಲ್ಲ. ಹೊಸದೊಂದು ಗುಂಪು ಇರುವುದಾದರೆ ಅದರ ಉಳಿದ ಧಾತುಗಳೂ ಎಲ್ಲೋ ಇರಬೇಕು. ಖನಿಜಗಳನ್ನು ಕಾಯಿಸಿ ಹುಡುಕಿದರು, ಸಿಗಲಿಲ್ಲ.

1898ರ ಮೇ ತಿಂಗಳಲ್ಲಿ ಅವರ ಕೈಗೆ ದ್ರವ ಗಾಳಿ ಬಂತು. ನೈಟ್ರೋಜನ್ −196 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಕ್ಸಿಜನ್ −183ರಲ್ಲಿ ಕುದಿಯುತ್ತದೆ. ದ್ರವ ಗಾಳಿಯನ್ನು ನಿಧಾನವಾಗಿ ಆವಿಯಾಗಲು ಬಿಟ್ಟು, ಕೊನೆಗೆ ಉಳಿದುದರಿಂದ ಈ ಎರಡನ್ನೂ ತೆಗೆದರು. ಉಳಿದ ಅನಿಲದ ರೋಹಿತದಲ್ಲಿ ಹಿಂದೆ ಯಾರೂ ಕಾಣದ ಹಳದಿ, ಹಸಿರು ರೇಖೆಗಳು ಹೊಳೆದವು. ಅದೇ ಕ್ರಿಪ್ಟಾನ್. ಜೂನ್‌ನಲ್ಲಿ ಕೆಂಪಗೆ ಬೆಳಗುವ ನಿಯಾನ್, ಜುಲೈನಲ್ಲಿ ಕ್ಸೆನಾನ್ ದೊರೆತವು. ಒಂದು ಕೋಟಿ ಭಾಗ ಗಾಳಿಯಲ್ಲಿ ಕ್ಸೆನಾನ್ ಒಂದು ಭಾಗದಷ್ಟೂ ಇಲ್ಲ. ಆಗ ಟ್ರಾವರ್ಸ್ ಅವರಿಗೆ 26 ವರ್ಷ. ನಮ್ಮ ಪ್ರಶಿಕ್ಷಣಾರ್ಥಿಗಳ ವಯಸ್ಸಿಗಿಂತ ಬಹಳ ದೊಡ್ಡದಲ್ಲ. 1904ರ ನೊಬೆಲ್ ಪ್ರಶಸ್ತಿ ರ‍್ಯಾಮ್ಸೆ ಅವರೊಬ್ಬರಿಗೇ ಸಂದಿತು.

1906ರಲ್ಲಿ ಟ್ರಾವರ್ಸ್ ಭಾರತಕ್ಕೆ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಮೀನಿನಲ್ಲಿ ಕಟ್ಟಡ, ಪ್ರಯೋಗಾಲಯ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಿತ್ತು. 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಆಡಳಿತದಲ್ಲಿ ಭಿನ್ನಾಭಿಪ್ರಾಯ ಬೆಳೆದು 1914ರಲ್ಲಿ ಹುದ್ದೆ ಬಿಟ್ಟು ಇಂಗ್ಲೆಂಡಿಗೆ ಮರಳಿದರು. ಯುದ್ಧಕಾಲದಲ್ಲಿ ಪ್ರಯೋಗಾಲಯದ ಗಾಜಿನ ತಯಾರಿಕೆಯಲ್ಲಿ ತೊಡಗಿದರು. ಮುಂದೆ ತಮ್ಮ ಗುರುಗಳ ಜೀವನಚರಿತ್ರೆ ಬರೆದರು. 1961ರಲ್ಲಿ ನಿಧನರಾದರು.

ಪಾಠಯೋಜನೆಗೆ ಈ ಜೀವನದಿಂದ ಎರಡು ಅಂಶ ಸಿಗುತ್ತವೆ. ಒಂದು, ಮಿಶ್ರಣದಲ್ಲಿ ಪ್ರತಿ ಘಟಕವೂ ತನ್ನ ಗುಣವನ್ನು ಉಳಿಸಿಕೊಂಡಿರುತ್ತದೆ. ಆದ್ದರಿಂದಲೇ ಕುದಿಯುವ ಬಿಂದುವಿನ ವ್ಯತ್ಯಾಸದಿಂದ ಗಾಳಿಯನ್ನು ಬಿಡಿಸಲು ಬಂತು. ಎರಡು, ಸುಲಭವಾಗಿ ಯಾವುದರೊಡನೆಯೂ ವರ್ತಿಸದ ಧಾತುವನ್ನೂ ಅದರ ರೋಹಿತದಿಂದ ಗುರುತಿಸಬಹುದು.

ದ್ರವ ಗಾಳಿ ನಮ್ಮ ಶಾಲೆಗಳಿಗೆ ಬರಲಾರದು. ಉಪ್ಪುನೀರನ್ನು ಕಾಯಿಸಿ ಉಪ್ಪನ್ನು ಮರಳಿ ಪಡೆಯುವ ಪ್ರಯೋಗ ಸಾಕು. ಅದನ್ನು ಮಾಡಿಸಿದ ಮೇಲೆ ಟ್ರಾವರ್ಸ್ ಅವರ ಕಥೆ ಹೇಳಿ, ಅದೇ ಮರುಪ್ರಶ್ನೆಯನ್ನು ಮತ್ತೆ ಕೇಳಿ ನೋಡೋಣ. ಮಕ್ಕಳು ಕಾರಣ ಕೊಟ್ಟು ಉತ್ತರಿಸಿದರೆ ಪಾಠ ಮುಟ್ಟಿದೆ ಎಂದು ತಿಳಿಯಬಹುದು.