ತಪ್ಪಿನ ವಿಳಾಸ ಹುಡುಕಿದ ರಿಚರ್ಡ್ ಹ್ಯಾಮಿಂಗ್

ಉರ್ದುವಿನಲ್ಲಿ ದುಆ ಎಂದು ಬರೆಯುವಾಗ ಕೈತಪ್ಪಿ ಒಂದು ನುಕ್ತಾ ಬಿದ್ದರೆ ಅದು ದಗಾ ಆಗುತ್ತದೆಂಬುದು ನಿಮಗೆ ಗೊತ್ತು. ಪ್ರಾರ್ಥನೆ ವಂಚನೆಯಾಗಲು ಒಂದು ಚುಕ್ಕೆ ಸಾಕು. ಕಂಪ್ಯೂಟರಿನ ಲಿಪಿಯಲ್ಲಿರುವುದು 0 ಮತ್ತು 1 ಮಾತ್ರ. ಅಲ್ಲಿ ಒಂದು ಅಂಕಿ ಬದಲಾದರೂ ಇದೇ ಗತಿ. ಈ ತಪ್ಪನ್ನು ಯಂತ್ರವೇ ತಿದ್ದಿಕೊಳ್ಳುವ ಉಪಾಯ ಕಂಡುಹಿಡಿದವರು ರಿಚರ್ಡ್ ಹ್ಯಾಮಿಂಗ್.

ಅವರು 1915ರ ಫೆಬ್ರವರಿ 11ರಂದು ಅಮೆರಿಕದ ಶಿಕಾಗೋದಲ್ಲಿ ಜನಿಸಿದರು. ಎಂಜಿನಿಯರ್ ಆಗುವ ಆಸೆಯಿತ್ತು. ಆದರೆ ವಿದ್ಯಾರ್ಥಿವೇತನ ದೊರೆತ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ವಿಭಾಗವೇ ಇರಲಿಲ್ಲ. ಹಾಗಾಗಿ ಗಣಿತ ಓದಿದರು. 1942ರಲ್ಲಿ ಡಾಕ್ಟರೇಟ್ ಪಡೆದು, 1945ರಲ್ಲಿ ಅಣುಬಾಂಬ್ ಯೋಜನೆಯ ಲೆಕ್ಕಾಚಾರದಲ್ಲಿ ದುಡಿದು, 1946ರಲ್ಲಿ ಬೆಲ್ ಪ್ರಯೋಗಾಲಯ ಸೇರಿದರು.

1947ರಲ್ಲಿ ಅಲ್ಲಿನ ರಿಲೇ ಕಂಪ್ಯೂಟರ್ ಅವರಿಗೆ ಸಿಗುತ್ತಿದ್ದುದು ವಾರಾಂತ್ಯದಲ್ಲಿ ಮಾತ್ರ. ತಪ್ಪಾಗಿದೆ ಎಂದು ಆ ಯಂತ್ರಕ್ಕೆ ತಿಳಿಯುತ್ತಿತ್ತು, ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಸರಿಪಡಿಸಲು ರಜಾದಿನ ಯಾರೂ ಇರದ ಕಾರಣ ಅದು ಆ ಕೆಲಸವನ್ನೇ ಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ಸೋಮವಾರ ಬಂದು ನೋಡಿದರೆ ಉತ್ತರವಿಲ್ಲ! ಸತತ ಎರಡು ವಾರ ಹೀಗಾದಾಗ ಹ್ಯಾಮಿಂಗ್ ಅವರಿಗೆ ಸಿಟ್ಟು ಬಂತು. ತಪ್ಪನ್ನು ಗುರುತಿಸಬಲ್ಲ ಯಂತ್ರ ಅದರ ಜಾಗವನ್ನೇಕೆ ಹುಡುಕಬಾರದು ಎಂದು ಯೋಚಿಸತೊಡಗಿದರು.

ಅವರ ಉಪಾಯವನ್ನು ನೀವೇ ಕಾಗದದ ಮೇಲೆ ಮಾಡಿ ನೋಡಿ. 1011 ಎಂಬ ಸಂದೇಶದ ನಾಲ್ಕು ಅಂಕಿಗಳನ್ನು 3, 5, 6, 7ನೇ ಸ್ಥಾನಗಳಲ್ಲಿ ಬರೆಯಿರಿ. 1, 2, 4ನೇ ಸ್ಥಾನಗಳು ಕಾವಲು ಅಂಕಿಗಳಿಗೆ. ಮೊದಲ ಕಾವಲಿಗೆ 1, 3, 5, 7. ಎರಡನೆಯದಕ್ಕೆ 2, 3, 6, 7. ಮೂರನೆಯದಕ್ಕೆ 4, 5, 6, 7ನೇ ಸ್ಥಾನಗಳು ಸೇರಿವೆ. ಪ್ರತಿ ಗುಂಪಿನಲ್ಲೂ 1ಗಳ ಸಂಖ್ಯೆ ಸಮವಾಗುವಂತೆ ಕಾವಲು ಅಂಕಿ ತುಂಬಿದರೆ 0110011 ಆಗುತ್ತದೆ. ದಾರಿಯಲ್ಲಿ ಆರನೆಯ ಅಂಕಿ ಕೆಟ್ಟು 0110001 ಬಂತೆನ್ನಿ. ಈಗ 2 ಮತ್ತು 4ರ ಗುಂಪುಗಳು ತಪ್ಪುತ್ತವೆ. ಕೂಡಿಸಿ: 6. ತಪ್ಪಿನ ವಿಳಾಸ ಸಿಕ್ಕಿತಲ್ಲವೇ? ನಾನು ಇದನ್ನು ಮೊದಲ ಬಾರಿ ಮಾಡಿದಾಗ ನಂಬಲಾಗದೆ ಏಳೂ ಅಂಕಿಗಳನ್ನು ಒಂದೊಂದಾಗಿ ಕೆಡಿಸಿ ನೋಡಿದ್ದೆ.

ಪೇಟೆಂಟ್ ಕಾರಣದಿಂದ ತಡವಾಗಿ, 1950ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಒಟ್ಟಿಗೆ ಎರಡು ಅಂಕಿ ಕೆಟ್ಟರೆ ಈ ಮೂರು ಕಾವಲು ಸಾಲವು. ಮುಂದೆ ಬಂದವರು ಇನ್ನೂ ಬಲವಾದ ಸಂಕೇತಗಳನ್ನು ರಚಿಸಿದರು. ಇಂದಿನ ಮೊಬೈಲ್ ಜಾಲ ಸಿಗ್ನಲ್ ದುರ್ಬಲವಾದಾಗ ಕಾವಲು ಅಂಕಿಗಳನ್ನು ಹೆಚ್ಚಿಸುತ್ತದೆ, ಚೆನ್ನಾಗಿದ್ದಾಗ ಕಡಿಮೆ ಮಾಡಿ ವೇಗ ಉಳಿಸುತ್ತದೆ.

ಹ್ಯಾಮಿಂಗ್ ಅವರಿಗೆ 1968ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 1976ರಿಂದ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನೌಕಾಪಡೆಯ ಸ್ನಾತಕೋತ್ತರ ಶಾಲೆಯ ಅಧ್ಯಾಪಕರಾದರು. 82ನೆಯ ವಯಸ್ಸಿನಲ್ಲಿ, 1997ರ ಡಿಸೆಂಬರ್‌ನಲ್ಲಿ ಕೊನೆಯ ಪಾಠ ಮಾಡಿ, 1998ರ ಜನವರಿ 7ರಂದು ನಿಧನರಾದರು.